ಅಪ್ಪನ ಜೊತೆ ಮಂಗಳೂರಲ್ಲಿ ಒಂದು ದಿನ

ನಾವು ಅಂದರೆ ಇಲ್ಲಿ ಅಕ್ಕ ಮತ್ತು ತಮ್ಮ. ಅಕ್ಕ ಬೆಂಗಳೂರಿನ ಜೆ.ಪಿ. ನಗರದ ಏಳನೇ ಹಂತದಲ್ಲಿ ಬಾಡಿಗೆ ಮನೆಯಲ್ಲಿದ್ದು ಬ್ಲೌಸ್ ಹೊಲಿಯುತ್ತಾಳೆ. ತಮ್ಮ ಹೊಸದುರ್ಗದ ಕಡೆಯ ನಮ್ಮ ಊರಲ್ಲೇ ಇದ್ದು ಪತ್ರಿಕೆಗೆ ಸುದ್ದಿ ಕಳಿಸುತ್ತಾನೆ. ಬರೆಯುತ್ತಿರುವುದು ತಮ್ಮ. ಆದರೆ ಅಕ್ಕನಿಗೆ ಓದಿ ಹೇಳಿ, ಅವಳು 'ಇದು ಹಿಂಗಲ್ಲ' ಅಂದಲ್ಲೆಲ್ಲ ತಿದ್ದಿ ಬರೆದದ್ದು. ಅದಕ್ಕೇ ನಾವು.

ಈ ಜನವರಿಯಲ್ಲಿ ಅಪ್ಪನ ಕಣ್ಣು ತೋರಿಸೋಕೆ ಬೆಂಗಳೂರಿಗೆ ಬಂದಿದ್ದೆವು. ಊರಲ್ಲಿ ಎಲ್ಲರೂ ಪೊರೆ ಬಂದಿರಬೇಕು ಅಂದಿದ್ದರು. ನಾವೂ ಹಾಗೇ ಅಂದುಕೊಂಡಿದ್ದೆವು. ಪೊರೆ ಆದರೆ ಒಂದು ಆಪರೇಷನ್ನು, ಒಂದು ಕಪ್ಪು ಕನ್ನಡಕ, ವಾರದಲ್ಲಿ ವಾಪಸ್ ಊರಿಗೆ. ಆದರೆ ಆಸ್ಪತ್ರೆಯಲ್ಲಿ ಅಪ್ಪನನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಗದ್ದ ಇಟ್ಟು ಕೂರಿಸಿದರು. ನಡುವಿನ ದೀಪವನ್ನೇ ನೋಡುತ್ತಿರಬೇಕು, ಅಕ್ಕಪಕ್ಕ ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಪ್ಪ ಒತ್ತಿದ್ದು ಬಹಳ ಕಡಿಮೆ. ಹೊರಗೆ ಬಂದು, 'ಆ ಮಿಷನ್ನು ಕೆಟ್ಟಿರಬೇಕು ಕಣಪ್ಪ, ಚುಕ್ಕಿನೇ ಬರ್ತಿರಲಿಲ್ಲ' ಅಂದ.

ಮಿಷನ್ನು ಸರಿಯಾಗಿತ್ತು. ಕಾಗದದಲ್ಲಿ ಅಪ್ಪನ ಎರಡೂ ಕಣ್ಣಿನ ಚಿತ್ರ ಬಂತು: ಸುತ್ತ ಮಸಿ ಬಳಿದ ಹಾಗೆ ಕಪ್ಪು, ನಡುವೆ ರೊಟ್ಟಿಗೆ ತೂತು ಬಿದ್ದ ಹಾಗೆ ಸ್ವಲ್ಪ ಬಿಳಿ. ಡಾಕ್ಟರು ಗ್ಲಾಕೋಮಾ ಅಂದರು. ಕಣ್ಣಿನ ನರ ಸವೆಯುವ ಕಾಯಿಲೆ. ಹೆಚ್ಚಿನವರಿಗೆ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಕೊನೆಗೆ. ಎದುರಿಗಿರುವವರ ಮುಖ ಚೆನ್ನಾಗಿ ಕಾಣುವುದರಿಂದ ರೋಗಿಗೇ ಗೊತ್ತಾಗುವುದಿಲ್ಲ. ಪೊರೆಯ ಹಾಗೆ ತೆಗೆದು ಹಾಕಿದರೆ ದೃಷ್ಟಿ ವಾಪಸ್ ಬರುವುದಿಲ್ಲ. ಹೋದದ್ದು ಹೋದದ್ದೇ. ಉಳಿದದ್ದನ್ನು ಹನಿ ಔಷಧಿ ಹಾಕಿಯೋ ಆಪರೇಷನ್ ಮಾಡಿಯೋ ಉಳಿಸಿಕೊಳ್ಳಬೇಕು.

'ಹಿಂದೆ ಎಲ್ಲೂ ತೋರಿಸಿರಲಿಲ್ವಾ?' ಅಂತ ಡಾಕ್ಟರು ಕೇಳಿದರು. ಅಪ್ಪ ತನ್ನ ಚೀಲದಿಂದ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿಂದ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ ಕೊಟ್ಟ. ಎರಡು ವರ್ಷದ ಹಿಂದೆ ನಮ್ಮೂರ ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರದ ಚೀಟಿ. ಅದರಲ್ಲಿ ಹನಿಯ ಹೆಸರು ಇತ್ತು. ಕೆಳಗೆ 'ನಿಲ್ಲಿಸಬಾರದು, ದೊಡ್ಡ ಆಸ್ಪತ್ರೆಗೆ ತೋರಿಸಿ' ಅಂತಲೂ ಇತ್ತು. ಅಪ್ಪ ಆ ಬಾಟಲಿ ಖಾಲಿಯಾಗುವವರೆಗೆ ಹಾಕಿಕೊಂಡು, ಕೆಮ್ಮಿನ ಔಷಧಿ ಮುಗಿದ ಹಾಗೆ ಮುಗಿಯಿತು ಅಂತ ಬಿಟ್ಟಿದ್ದ.

ಆ ಶಿಬಿರದ ಸುದ್ದಿ ಬರೆದವರು ನಾವೇ. ಒಂದು ಕಾಲಂ, ಫೋಟೋ ಸಮೇತ ಬಂದಿತ್ತು. ದೀಪ ಬೆಳಗಿದವರು ಯಾರು, ಅಧ್ಯಕ್ಷತೆ ಯಾರದು, ವೇದಿಕೆ ಮೇಲೆ ಯಾರ್‍ಯಾರು ಇದ್ದರು, ಎಷ್ಟು ಜನರ ಕಣ್ಣು ತಪಾಸಣೆ ಆಯಿತು, ಎಲ್ಲ ಇತ್ತು. ಹೆಸರು ಬಿಟ್ಟುಹೋದ ಒಬ್ಬ ಸದಸ್ಯರು ಎರಡು ದಿನ ಮಾತು ಬಿಟ್ಟಿದ್ದರು. ಆ ತಪಾಸಣೆಯಾದವರಲ್ಲಿ ನಮ್ಮಪ್ಪನೂ ಒಬ್ಬ. ಸಂಜೆ ಮನೆಗೆ ಬಂದು, 'ಏನಂದ್ರಪ್ಪ ಕಣ್ಣಿಗೆ?' ಅಂತ ನಾವು ಕೇಳಿರಲಿಲ್ಲ. ಪೇಪರಿಗೆ ಸುದ್ದಿ ಟೈಪು ಮಾಡುತ್ತಾ ಕೂತಿದ್ದೆವು.

ಡಾಕ್ಟರು ಎರಡು ಹನಿ ಬರೆದುಕೊಟ್ಟು, ಒತ್ತಡ ಇಳಿಯುತ್ತಾ ನೋಡೋಣ, ಇಳಿಯದಿದ್ದರೆ ಆಪರೇಷನ್ ಅಂದು ಒಂದು ವಾರ ಬಿಟ್ಟು ಬರಲು ಹೇಳಿದರು. ಆ ವಾರ ಜೆ.ಪಿ. ನಗರದಲ್ಲೇ ಕಳೆಯಬೇಕಾಯಿತು. ಅಪ್ಪ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತ ನಡೆಯಲು ಹೋಗಿ ವಾಕಿಂಗಿನವರಿಗೆ ಡಿಕ್ಕಿ ಹೊಡೆದು ಬೈಸಿಕೊಂಡು ಬರುತ್ತಿದ್ದ. ಮೂರನೇ ದಿನ ಅಕ್ಕನ ಮನೆಯ ಮಹಡಿ ಮೇಲೆ ನಿಂತು, 'ಇಷ್ಟು ಮನೆ ಇದಾವಲ್ಲ, ಒಂದರ ಮೇಲೂ ಹೆಂಚಿಲ್ಲ' ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಂಗಳೂರು ಇಲ್ಲಿಂದ ಎಷ್ಟು ದೂರ?' ಅಂತ ಕೇಳಿದ.

ಅಪ್ಪನ ಕಸುಬು ಹೆಂಚು ಹೊದಿಸುವುದು. ನಮ್ಮ ಕಡೆ ನಾಡಹೆಂಚಿನ ಮನೆ, ಮಣ್ಣಿನ ಮಾಳಿಗೆ ಮನೆ ಕಳಚಿ ಜನ ಮಂಗಳೂರು ಹೆಂಚು ಹಾಕಿಸುತ್ತಿದ್ದ ಕಾಲದಲ್ಲಿ ಸುತ್ತ ಹತ್ತು ಹಳ್ಳಿಗೆ ಅವನೇ. ಲಾರಿಯಲ್ಲಿ ಬಂದ ಹೆಂಚಿನ ಬೆನ್ನಿಗೆ ಒತ್ತಿರುತ್ತಿದ್ದ ಕಾರ್ಖಾನೆ ಹೆಸರನ್ನು ನಮ್ಮಿಂದ ಓದಿಸುತ್ತಿದ್ದ. ನಾವು ಮೊದಲು ಓದಿದ ಇಂಗ್ಲಿಷು ಅದೇ. ನಲವತ್ತು ವರ್ಷ ಮಂಗಳೂರು ಅನ್ನುತ್ತಲೇ ದುಡಿದವನು ಮಂಗಳೂರು ನೋಡಿರಲಿಲ್ಲ. ಸಮುದ್ರವನ್ನೂ ನೋಡಿರಲಿಲ್ಲ.

ಅಕ್ಕ ಆವತ್ತೇ ಹೊಲಿಯಲು ಬಂದಿದ್ದ ಬಟ್ಟೆಯೆಲ್ಲ ಮಡಿಸಿಟ್ಟು, 'ನಾಳೆ ರಾತ್ರಿ ಹೋಗೋಣ' ಅಂದಳು.

ಜೆ.ಪಿ. ನಗರದಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಕೆಂಪು ಬಸ್ಸು. ಅಕ್ಕನಿಗೆ ಶಕ್ತಿ ಯೋಜನೆಯ ಟಿಕೆಟ್, ಅಪ್ಪನಿಗೆ ಹಿರಿಯ ನಾಗರಿಕರ ರಿಯಾಯಿತಿ. ಪೂರ್ತಿ ದುಡ್ಡು ಕೊಟ್ಟದ್ದು ತಮ್ಮ ಒಬ್ಬನೇ. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನಾವು ನಿದ್ದೆಯಲ್ಲಿದ್ದೆವು. ಅಪ್ಪ ಮಲಗಿರಲಿಲ್ಲವಂತೆ. 'ಹೆಂಚಿನ ಲಾರಿ ಹತ್ತಿ ಬರ್ತಿದ್ದ ದಾರಿ ಇದೇ ತಾನೇ?' ಅಂತ ಬೆಳಗ್ಗೆ ಕೇಳಿದ. ಕತ್ತಲಲ್ಲಿ ಏನು ಕಂಡನೋ ಗೊತ್ತಿಲ್ಲ.

ಬೆಳಗಿನ ಜಾವ ಬಿಜೈ ಬಸ್ ನಿಲ್ದಾಣದಲ್ಲಿ ಇಳಿದಾಗ ಜನವರಿಯಲ್ಲೂ ಬೆವರು. ಹಲ್ಲುಜ್ಜಿ, ಎಂಟು ಗಂಟೆಯ ಹನಿ ಹಾಕಿ, ಒಂದು ಹೋಟೆಲಿನಲ್ಲಿ ಬನ್ಸು ತಿಂದೆವು. ಬಾಳೆಹಣ್ಣು ಕಲಸಿ ಮಾಡುವ ಪೂರಿ ಅಂದುಕೊಳ್ಳಿ, ಸ್ವಲ್ಪ ಸಿಹಿ. ಅಪ್ಪ ಎರಡು ತಿಂದು, 'ಇದು ತಿಂಡಿಯೋ ಹಬ್ಬದ ಅಡುಗೆಯೋ?' ಅಂದ. ಗೋಳಿಬಜೆಯೂ ಆಯಿತು. ಏನನ್ನೂ ಅವಸರದಲ್ಲಿ ನೋಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು. ಎಷ್ಟು ಆಗುತ್ತೋ ಅಷ್ಟು.

ಮೊದಲು ಕದ್ರಿ ಮಂಜುನಾಥ. ಅಕ್ಕ ಸಿಟಿ ಬಸ್ಸು ಹತ್ತಿ ಆಧಾರ್ ಕಾರ್ಡು ತೋರಿಸಿದಳು. ಕಂಡಕ್ಟರ್ ಹುಡುಗ ನಕ್ಕು, 'ಅಕ್ಕ, ಇದು ಪ್ರೈವೇಟ್' ಅಂದ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಹೋಗುವ ಹೆಣ್ಣುಮಕ್ಕಳು ಚಿಲ್ಲರೆ ಇಟ್ಟುಕೊಂಡು ಹೋಗಿ. ಆ ಹುಡುಗ ಸೀಟಿ ಊದುವುದನ್ನು ನೋಡುವುದೇ ಒಂದು ಚೆಂದ. ನಿಲ್ಲು, ಹೊರಡು ಎಲ್ಲಕ್ಕೂ ಸೀಟಿ.

ಕದ್ರಿ ದೇವಸ್ಥಾನದಲ್ಲಿ ಒಂದು ಕಂಚಿನ ಲೋಕೇಶ್ವರ ಇದೆ. ಮೂರು ಮುಖ, ಆರು ಕೈ. ಪೀಠದ ಶಾಸನದ ಪ್ರಕಾರ ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ಅಪ್ಪ ಬಹಳ ಹೊತ್ತು ನಿಂತು ನೋಡಿದ. ನಮಗೆ ಕಾಣದ ಬೆರಳಿನ ಉಂಗುರ, ಕಿರೀಟದ ಕೆತ್ತನೆ ಎಲ್ಲ ಹೇಳಿದ. ನಾವು ಖುಷಿಯಾಗಿ, ಅಯ್ಯೋ ಡಾಕ್ಟರು ಹೇಳಿದಷ್ಟೇನೂ ಇಲ್ಲ ಬಿಡು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಿರುಗಿ ಹೊರಡುವಾಗ ಪಕ್ಕದಲ್ಲೇ ನಿಂತಿದ್ದ ಹೆಂಗಸಿನ ತಟ್ಟೆಗೆ ಅಪ್ಪನ ಮೊಣಕೈ ತಾಗಿ ಹೂವು, ಹಣ್ಣು ನೆಲಕ್ಕೆ ಬಿದ್ದವು. ಆ ಯಮ್ಮ ಏನೂ ಅನ್ನಲಿಲ್ಲ. ಅಪ್ಪ ಮಾತ್ರ ಕೈಮುಗಿದುಕೊಂಡು ನಿಂತುಬಿಟ್ಟ.

ಅದು ಸರಿಯಾಗಿ ಅರ್ಥವಾದದ್ದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದಲ್ಲಿ. ಮಂಗಳೂರಿಗೆ ಹೋದವರು ಇದನ್ನು ಬಿಡಬೇಡಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಅನ್ನುವ ಪಾದ್ರಿಗಳ ಸಭೆಯ ಒಬ್ಬ ಬ್ರದರ್, 1899ರ ಹೊತ್ತಿಗೆ ಶುರು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳಗಿನ ಗೋಡೆ, ಚಾವಣಿ, ಕಮಾನು ಎಲ್ಲದರ ಮೇಲೂ ಚಿತ್ರ ಬರೆದಿದ್ದಾರೆ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ವಿದ್ಯೆ ಅದರಲ್ಲಿ ಒಂದು. ಗಾರೆ ಒಣಗುವುದರೊಳಗೆ ಬರೆದು ಮುಗಿಸಬೇಕು, ಒಣಗಿದ ಮೇಲೆ ಬಣ್ಣ ಗಾರೆಯೊಳಗೇ ಕೂರುತ್ತದೆ. ಅವರು ತಿರುಗಿ ಊರಿಗೆ ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಹಸಿ ಗಾರೆ ಅಂದದ್ದೇ ತಡ, ಅಪ್ಪನಿಗೆ ಬೇರೇನೂ ಬೇಡವಾಯಿತು. ಬೆಂಚಿನ ಮೇಲೆ ಕೂತು ತಲೆ ಹಿಂದಕ್ಕೆ ಹಾಕಿ ಚಾವಣಿ ನೋಡತೊಡಗಿದ. ಕೆಲಸಗಾರನ ನೋಟ ಅದು. ಯಾವ ಸಂತ, ಯಾವ ಕಥೆ ಅಂತ ಕೇಳಲಿಲ್ಲ. 'ಅಟ್ಟಣಿಗೆ ಕಟ್ಟಿಕೊಂಡು ಮಲಗಿ ಬರೆದಿರಬೇಕು ಪುಣ್ಯಾತ್ಮ. ಕುತ್ತಿಗೆ ಏನಾಗಿರಬೇಡ' ಅಂದ. ಒಂದು ಚಿತ್ರದ ಮೂಲೆಯಲ್ಲಿ ಹುಡುಗನೊಬ್ಬನ ಮುಖದಲ್ಲಿರುವ ನಗು ತೋರಿಸಿದ. ಅಷ್ಟು ಎತ್ತರದ್ದು ನಮಗೆ ಸರಿಯಾಗಿ ಕಾಣಲೇ ಇಲ್ಲ. ಹಾಗೇ ಎದ್ದು ಎರಡು ಹೆಜ್ಜೆ ಇಟ್ಟ. ಕಾಲಿನ ಪಕ್ಕದಲ್ಲೇ ಇದ್ದ ಬೆಂಚಿಗೆ ಮೊಣಕಾಲು ಬಡಿದ ಸದ್ದು ಇಡೀ ಪ್ರಾರ್ಥನಾಲಯಕ್ಕೆ ಕೇಳಿಸಿತು.

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಅಕ್ಕ ಕೇಳಿದಳು: 'ಅಪ್ಪ, ಪಕ್ಕದಲ್ಲಿ ನಿಂಗೆ ಕಪ್ಪಗೆ ಕಾಣ್ತದಾ?'

'ಕಪ್ಪಗೆ ಕಂಡಿದ್ರೆ ಗೊತ್ತಾಗ್ತಿತ್ತಲ್ಲ ತಾಯಿ. ಏನೂ ಇಲ್ಲ ಅಂತ ಕಾಣ್ತದೆ. ಬೆಂಚು ಇಲ್ಲವೇ ಇಲ್ಲ. ಬಡಿದ ಮೇಲೆ ಇದೆ.'

'ಎಷ್ಟು ದಿನದಿಂದ ಹಿಂಗೆ?'

'ಹೆಂಚು ಹಾಕೋದು ಬಿಟ್ಟೆನಲ್ಲ, ಆಗಿಂದ.'

ಅಪ್ಪ ಕೆಲಸ ಬಿಟ್ಟದ್ದು ವಯಸ್ಸಾಯಿತು ಅಂತಲೂ ಈಗ ಎಲ್ಲರೂ ಆರ್‌ಸಿಸಿ ಹಾಕಿಸುತ್ತಾರೆ ಅಂತಲೂ ನಾವು ತಿಳಿದಿದ್ದೆವು. ಊರಲ್ಲಿ ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದೆವು. ಒಂದು ಸಾರಿ ಸೂರಿನ ಕಡೆಯ ರೀಪರು ಇಲ್ಲ ಅಂತ ಕಾಣಿಸಿ ಕಾಲು ಗಾಳಿಯಲ್ಲಿ ಇಟ್ಟಿದ್ದನಂತೆ. ತೊಲೆ ಹಿಡಿದುಕೊಂಡು ಉಳಿದ. ಯಾರಿಗೂ ಹೇಳಿರಲಿಲ್ಲ.

ಅಲ್ಲಿಂದ ಬಲ್ಮಠ ದೂರವಿಲ್ಲ. ನಮ್ಮ ಬಳಗದವರಿಗೆ ಅದು ಯಾತ್ರೆಯ ಜಾಗ ಅಂತಲೇ ಹೇಳಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದದ್ದು ಈ ಊರಿನಿಂದ. ಕನ್ನಡದ ಮೊದಲ ಪತ್ರಿಕೆ ಅದು, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಜುಲೈ 1ರಂದು ನಾವೆಲ್ಲ ತಾಲ್ಲೂಕು ಕೇಂದ್ರದಲ್ಲಿ ಪತ್ರಿಕಾ ದಿನಾಚರಣೆ ಮಾಡಿ ಶಾಲು ಹೊದಿಸಿಕೊಳ್ಳುವುದು ಇದರ ನೆನಪಿಗೇ. ಡಿಪ್ಲೊಮಾ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದೆವು.

ಆ ಪುಟಗಳಲ್ಲಿ ಬರೆಯದ ಒಂದು ವಿಷಯ ಅಪ್ಪನಿಗೆ ಹೇಳಿದೆವು. ಅದೇ ಮಿಷನ್ನಿನ ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರೇ ಇಲ್ಲಿನ ನದಿ ದಂಡೆಯ ಜೇಡಿಮಣ್ಣು ನೋಡಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿಸಿದ್ದು. ಅಲ್ಲಿಂದ ಮುಂದೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಸ್ಥಳೀಯರೂ ಕಾರ್ಖಾನೆ ಕಟ್ಟಿದರು. ಹೆಂಚು ಹಡಗು ಹತ್ತಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನಿಯವರು ಶತ್ರುಗಳು ಅಂತ ಮಿಷನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ಅವರ ಕೈಯಿಂದ ತೆಗೆದುಕೊಂಡಿತು. ಮುಂದೆ ಕಾಮನ್‌ವೆಲ್ತ್ ಟ್ರಸ್ಟ್ ನಡೆಸಿತು.

ಅಪ್ಪ ಪೂರ್ತಿ ಕೇಳಿಸಿಕೊಂಡು, 'ಹಂಗಾದ್ರೆ ನಿನ್ನ ಕಸುಬು ನನ್ನ ಕಸುಬು ಒಂದೇ ಮನೇದು' ಅಂದ. ಬಳಿಕ, 'ನಂದು ಮಳೆ ತಡೀತಿತ್ತು' ಅಂತ ಸೇರಿಸಿದ. ಅಕ್ಕ ಜೋರಾಗಿ ನಕ್ಕಳು. ಇದನ್ನು ತೆಗೆಯಬೇಡ ಅಂತ ಅವಳೇ ಹೇಳಿದ್ದಕ್ಕೆ ಇಲ್ಲಿ ಉಳಿದಿದೆ.

ಕಾರ್ಖಾನೆ ಹುಡುಕಿಕೊಂಡು ಹೋಗಲಿಲ್ಲ. ಹೆಚ್ಚಿನವು ಮುಚ್ಚಿಹೋಗಿವೆ, ಆರ್‌ಸಿಸಿ ಬಂದ ಮೇಲೆ ಹೆಂಚು ಕೇಳುವವರು ಕಡಿಮೆ. ಬದಲಿಗೆ ಬಂದರಿನ ಕಡೆ ನಡೆದೆವು. ಅಲ್ಲಿ ಹಳೆಯ ಗೋದಾಮುಗಳ ಸಾಲು, ಮೇಲೆ ಹೆಂಚು. ಪಾಚಿ ಹಿಡಿದು ಕಪ್ಪಾದವು, ನಡುವೆ ಒಂದೆರಡು ಹೊಸ ಕೆಂಪು. ಒಣಮೀನಿನ ವಾಸನೆ, ಕೈಗಾಡಿ, ಲಾರಿ, ಮೂಟೆ ಹೊರುವವರ ಕೂಗು. ಈ ಗದ್ದಲದ ನಡುವೆ ಅಪ್ಪ ತಲೆಯೆತ್ತಿಕೊಂಡು ನಡೆಯುತ್ತಿದ್ದರೆ ಅಕ್ಕ ಎಡಗೈ, ತಮ್ಮ ಬಲಗೈ. ಒಂದು ಕಟ್ಟಡದ ಮುಂದೆ ನಿಂತು, 'ನೋಡು, ಈ ಸೂರು ಹೊಡೆದೋನು ಕೈಗಾರ. ಇಷ್ಟು ಉದ್ದಕ್ಕೆ ಒಂದು ನೂಲು ಆಚೀಚೆ ಆಗಿಲ್ಲ' ಅಂದ. ಗೋಡೆ ಬದಿಯಲ್ಲಿ ಒಡೆದ ಹೆಂಚಿನ ಚೂರು ಬಿದ್ದಿತ್ತು. ಎತ್ತಿ, ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೆ ಹಿಡಿದು ಕೇಳಿದ. ಚೆನ್ನಾಗಿ ಬೆಂದ ಹೆಂಚು ಠಣ್ ಅನ್ನಬೇಕು. ಅಂದಿತಂತೆ. ಲಾರಿ ಹುಡುಗರು ನಮ್ಮನ್ನು ನೋಡಿ ನಗುತ್ತಿದ್ದರು. ನಗಲಿ.

ಮಧ್ಯಾಹ್ನ ಮೀನೂಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಂಗುಡೆ ತವಾ ಫ್ರೈ. ನಮ್ಮ ಕಡೆಯವರಿಗೆ ಕೆರೆ ಮೀನು ಗೊತ್ತು, ಸಮುದ್ರದ ಮೀನಿನ ರುಚಿಯೇ ಬೇರೆ. ಮುಳ್ಳು ಗಂಟಲಿಗೆ ಸಿಕ್ಕೀತು ಅಂತ ಅಕ್ಕ ಅಪ್ಪನ ಎಲೆಯಿಂದ ಮೀನು ತನ್ನ ಕಡೆ ಎಳೆದುಕೊಂಡು ಬಿಡಿಸಲು ಹೋದಳು. ಅಪ್ಪ ವಾಪಸ್ ಎಳೆದುಕೊಂಡ. 'ಮುಳ್ಳು ಕಾಣ್ತವೆ, ಬಿಡು' ಅಂದವನು ನಮ್ಮಿಬ್ಬರಿಗಿಂತ ಚೊಕ್ಕಟವಾಗಿ ಕೂದಲಿನಂಥ ಮುಳ್ಳನ್ನೂ ಬಿಡಿಸಿ ತಿಂದ. ಕೈ ತೊಳೆಯಲು ಎದ್ದಾಗ ಪಕ್ಕದ ಉಕ್ಕಿನ ಲೋಟ ಉರುಳಿ ನೀರೆಲ್ಲ ಪಂಚೆ ಮೇಲೆ ಚೆಲ್ಲಿತು. 'ಲೋಟ ಕಾಣಲ್ಲ' ಅಂದ, ನಗುತ್ತಾ. ಆ ಹೊತ್ತಿಗೆ ನಮಗೂ ನಗು ಬರುತ್ತಿತ್ತು. ಮುಂದೆ ಎಲ್ಲಿ ಕೂತರೂ ಲೋಟವನ್ನು ಅವನ ಎದುರಿಗೇ ಇಟ್ಟೆವು. ಇಷ್ಟು ಸಣ್ಣ ಉಪಾಯ ಎರಡು ವರ್ಷ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಲೋಟ ಬಿದ್ದಾಗಲೆಲ್ಲ ಬೈದಿದ್ದೆವು.

ಗಡ್‌ಬಡ್ ಐಸ್‌ಕ್ರೀಮನ್ನೂ ಬಿಡಲಿಲ್ಲ. ಉದ್ದ ಗಾಜಿನ ಲೋಟದಲ್ಲಿ ಬೇರೆಬೇರೆ ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಒಂದರ ಮೇಲೊಂದು. ಒಂದೇ ತಗೊಂಡು ಮೂರು ಚಮಚ ಕೇಳಿದೆವು.

ಬಿಸಿಲು ಇಳಿಯುವ ಹೊತ್ತಿಗೆ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ನದಿಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು. ಅದರ ಪಕ್ಕದಿಂದ ದೋಣಿ. ಗುರುಪುರ ನದಿ ದಾಟಿದರೆ ಆಚೆ ದಡ ತಣ್ಣೀರುಬಾವಿ. ದೋಣಿಯವರು ಅಪ್ಪನನ್ನು 'ಬಲೆ, ಬಲೆ' ಅಂತ ಕರೆದರು. ಮೀನಿನ ಬಲೆ ಎಲ್ಲಿದೆ ಅಂತ ಅಪ್ಪ ಹುಡುಕಿದ. ತುಳುವಿನಲ್ಲಿ ಬನ್ನಿ ಅಂತ ಅರ್ಥ ಅಂದು ಪಕ್ಕದಲ್ಲಿದ್ದವರು ಹೇಳಿದರು.

ಗಾಳಿಮರಗಳ ನೆರಳು ದಾಟಿ ಮರಳಿಗೆ ಬಂದೆವು. ಸಮುದ್ರ.

ಅಪ್ಪ ಚಪ್ಪಲಿ ಬಿಟ್ಟು, ನೀರು ಕಾಲಿಗೆ ತಾಗುವ ಮುಂಚೆಯೇ ನಿಂತ. ನಮಗೆ ಒಂದೇ ನೋಟಕ್ಕೆ ಸಿಕ್ಕ ಸಮುದ್ರ ಅವನಿಗೆ ಸಿಗುತ್ತಿರಲಿಲ್ಲ. ತಲೆಯನ್ನು ಎಡದ ತುದಿಗೆ ತಿರುಗಿಸಿ, ಅಲ್ಲಿಂದ ನಿಧಾನ ಬಲದ ತುದಿಯವರೆಗೆ ತಂದ. ಹೊಸ ಮನೆಯ ಸೂರಿನ ಸಾಲು ಸರಿಯಾಗಿದೆಯಾ ಅಂತ ನೋಡುತ್ತಿದ್ದ ಹಾಗೇ. ಮತ್ತೆ ಬಲದಿಂದ ಎಡಕ್ಕೆ.

'ರಸಮಟ್ಟ ಇಟ್ಟ ಹಂಗೈತಲ್ಲೋ' ಅಂದ.

ನಾವು ಸುಮ್ಮನಿದ್ದೆವು.

'ಪೈಪಿಗೆ ನೀರು ತುಂಬ್ಕೊಂಡು ಆ ಗೋಡೆಗೂ ಈ ಗೋಡೆಗೂ ಮಟ್ಟ ನೋಡ್ತಿದ್ವಿ. ಇಲ್ಲಿ ನೋಡು, ಪೈಪೇ ಬೇಡ.'

ಕೈಯಲ್ಲಿದ್ದ ಆವತ್ತಿನ ಪೇಪರನ್ನು ತಮ್ಮ ಕೊಳವೆ ಹಾಗೆ ಸುತ್ತಿ ಕಣ್ಣಿಗಿಟ್ಟುಕೊಂಡ. ಇನ್ನೊಂದು ಕಣ್ಣು ಮುಚ್ಚಿದ. ಆಮೇಲೆ ಅಕ್ಕ ಇಸಿದುಕೊಂಡು ನೋಡಿದಳು. ಒಂದು ತುಂಡು ನೀರು, ಒಂದು ದೋಣಿ. ತಿರುಗಿಸಿದರೆ ಇನ್ನೊಂದು ತುಂಡು. ಕೊಳವೆ ಹಿಡಿದುಕೊಂಡೇ ಹತ್ತು ಹೆಜ್ಜೆ ನಡೆಯಲು ಹೋದ ಅಕ್ಕ ಮಕ್ಕಳು ತೋಡಿದ್ದ ಮರಳು ಗುಂಡಿಗೆ ಕಾಲಿಟ್ಟು ಬಿದ್ದಳು. ಎದ್ದವಳು ಸೀರೆ ಕೊಡವಿಕೊಳ್ಳಲಿಲ್ಲ. ಅಪ್ಪನ ಹತ್ತಿರ ಹೋಗಿ ಅವನ ತೋಳು ಹಿಡಿದುಕೊಂಡು ನಿಂತಳು. ಅಪ್ಪ ನಮ್ಮ ಆಟ ನೋಡಿರಲಿಲ್ಲ. ನಾವು ಪಕ್ಕದಲ್ಲಿದ್ದೆವು.

ಅಲ್ಲೇ ಶಿಬಿರದ ಮಾತು ಎತ್ತಿದೆವು. ಎರಡು ವರ್ಷದಿಂದ ಗಂಟಲಲ್ಲಿ ಇದ್ದದ್ದಲ್ಲ, ಐದು ದಿನದಿಂದ ಇದ್ದದ್ದು. 'ಆವತ್ತು ನಾವು ಆ ಚೀಟಿ ಓದಬೇಕಿತ್ತು ಅಪ್ಪ.'

'ನೀನು ಕೆಲಸದಲ್ಲಿದ್ದೆ' ಅಂದ. ಸ್ವಲ್ಪ ಹೊತ್ತಿನ ಮೇಲೆ, 'ನಾನೂ ಕೇಳಬೋದಿತ್ತು. ಪೇಪರಿನಲ್ಲಿ ಬಂದಿದ್ದನ್ನ ಪಕ್ಕದ ಮನೆಯವನ ಕೈಲಿ ಓದಿಸ್ದೆ. ಹನಿ ವಿಷಯ ಏನಾದ್ರೂ ಐತೇನೋ ಅಂತ. ಬರೇ ಹೆಸರೇ ಇದ್ವು' ಅಂದ.

ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸೂರ್ಯ ಮುಳುಗುವವರೆಗೆ ಕೂತದ್ದು ನಮ್ಮ ತಪ್ಪು. ಮಬ್ಬು ಬೆಳಕಿನಲ್ಲಿ ಈ ಕಾಯಿಲೆಯವರಿಗೆ ಇನ್ನೂ ಕಷ್ಟ ಅನ್ನುವುದು ಅಂದು ತಿಳಿಯಿತು. ದೋಣಿ ಹತ್ತುವಾಗ ಹಲಗೆಯ ಅಂಚು ಅಪ್ಪನಿಗೆ ಕಾಣಲಿಲ್ಲ. ಕಾಲು ಹಲಗೆಗೂ ದೋಣಿಗೂ ನಡುವೆ ಇಳಿಯಿತು, ಮೊಣಕಾಲಿನವರೆಗೆ ನೀರು. ಅಕ್ಕ ಕಿರುಚಿದಳು. ದೋಣಿಯವರು ಒಂದೇ ಕೈಯಲ್ಲಿ ಅಪ್ಪನ ರಟ್ಟೆ ಹಿಡಿದು ಮೀನಿನ ಬುಟ್ಟಿ ಎತ್ತಿದ ಹಾಗೆ ಎತ್ತಿ ಒಳಗೆ ಕೂರಿಸಿದರು. ನದಿ ದಾಟುವವರೆಗೂ ಮೂವರಲ್ಲಿ ಯಾರೂ ಮಾತಾಡಲಿಲ್ಲ. ಇಳಿಯುವಾಗ ಅವರೇ ಟಾರ್ಚು ಬಿಟ್ಟು, ಎಲ್ಲಿ ಕಾಲಿಡಬೇಕೋ ಅಲ್ಲಿ ಬೆಳಕಿನ ಚುಕ್ಕಿ ಇಟ್ಟು ತೋರಿಸಿದರು. ಅಪ್ಪ ಆ ಚುಕ್ಕಿಯ ಮೇಲೆ ಸರಿಯಾಗಿ ಕಾಲಿಟ್ಟ.

ಓದುತ್ತಿರುವವರಿಗೆ ಒಂದು ಮಾತು, ಅಕ್ಕ ಬರೆಯಲೇಬೇಕು ಅಂದದ್ದು. ಅಪ್ಪ ಅಮ್ಮಂದಿರಿಗೆ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ನಮಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ನಲವತ್ತು ದಾಟಿದ ಮೇಲಂತೂ ಕಣ್ಣಿನ ಒತ್ತಡ, ನರ ಎರಡನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು. ಕನ್ನಡಕದ ನಂಬರು ನೋಡಿ ಕಳಿಸಿದರೆ ಇದು ಗೊತ್ತಾಗುವುದಿಲ್ಲ. ಹನಿ ಬಾಟಲಿ ಖಾಲಿಯಾದರೆ ಔಷಧಿ ಮುಗಿಯಿತು ಅಂತಲ್ಲ, ಹೊಸ ಬಾಟಲಿ ತರಬೇಕು ಅಂತ. ನಾವಿಬ್ಬರೂ ಅದೇ ವಾರ ಆ ಬಟ್ಟಲಿನ ಮುಂದೆ ಗದ್ದ ಇಟ್ಟು ಕೂತೆವು. ತಮ್ಮನದು ಸರಿಯಿದೆ. ಅಕ್ಕನದು ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.

ಬಿಜೈ ನಿಲ್ದಾಣ ತಲುಪಿದಾಗ ಎಂಟಕ್ಕೆ ಐದು ನಿಮಿಷ. ಬೆಂಗಳೂರಿನ ಬಸ್ಸು ಎಂಜಿನ್ ಶುರು ಮಾಡಿಕೊಂಡು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದರು. ಚಲಿಸುವ ಬಸ್ಸಿನಲ್ಲಿ ಹನಿ ಹಾಕಲು ಆಗುವುದಿಲ್ಲ. ಅಪ್ಪನನ್ನು ಸಿಮೆಂಟು ಬೆಂಚಿನ ಮೇಲೆ ಕೂರಿಸಿ ತಲೆ ಹಿಂದಕ್ಕೆ ಹಾಕಿಸಿದೆವು. ಪಂಚೆಯ ಅಂಚು ಇನ್ನೂ ಒದ್ದೆ ಇತ್ತು, ಜೇಬಿನಲ್ಲಿ ಹೆಂಚಿನ ಚೂರು. ಅಕ್ಕ ಕೆಳರೆಪ್ಪೆ ಎಳೆದು ಹಿಡಿದಳು, ತಮ್ಮ ಮೊಬೈಲ್ ಟಾರ್ಚು ಹಿಡಿದ. ಒಂದು ಹನಿ ಆ ಕಣ್ಣಿಗೆ, ಒಂದು ಈ ಕಣ್ಣಿಗೆ. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆ ಎರಡು ನಿಮಿಷ ಒತ್ತಿ ಹಿಡಿಯಬೇಕು, ಐದು ನಿಮಿಷ ಬಿಟ್ಟು ಎರಡನೇ ಬಾಟಲಿ.

'ಬೆಂಗ್ಳೂರ್, ಬೆಂಗ್ಳೂರ್, ಹತ್ತಿ ಹತ್ತಿ' ಅಂತ ಕಂಡಕ್ಟರ್ ನಮ್ಮ ಕಡೆ ನೋಡಿದರು.

'ಐದು ನಿಮಿಷ ಸ್ವಾಮಿ' ಅಂದ ಅಪ್ಪ, ಕಣ್ಣು ಮುಚ್ಚಿಕೊಂಡೇ. 'ಇನ್ನೊಂದು ಐತೆ.'